ಮುಟ್ಟದ ಫೋನು

ಆಗ ನನಗೆ ಅರವತ್ತೇಳು. ಅದಾಗಿ ಮೂರು ವರ್ಷವಾಯಿತು. ಭದ್ರಾವತಿಯ ಕಾಗದನಗರದಲ್ಲಿ ಒಂದು ಬಾಡಿಗೆ ಮನೆಯಲ್ಲಿ ನಾನು, ನನ್ನ ಸೊಸೆ ಇಬ್ಬರೇ ಇದ್ದೆವು. ಮಗ ಲಾರಿ ಓಡಿಸುತ್ತಾನೆ. ತಿಂಗಳಿಗೆ ಎರಡು ಸಲ ಬಂದು, ಬಟ್ಟೆ ಒಗೆಸಿಕೊಂಡು, ನಿದ್ದೆ ಮಾಡಿ ಹೋಗುತ್ತಾನೆ. ಹಾಗಾಗಿ ನನ್ನ ಸಂಸಾರ ಎಂದರೆ ಸೊಸೆ. ನಮ್ಮಿಬ್ಬರಿಗೂ ಅಂಥ ಪ್ರೀತಿಯೇನೂ ಇರಲಿಲ್ಲ, ಜಗಳವೂ ಇರಲಿಲ್ಲ. ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುವವರು ಹೇಗಿರುತ್ತಾರೋ ಹಾಗೆ.

ಅವಳು ಕಂಪ್ಯೂಟರ್ ಓದಿದವಳು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಬಣ್ಣದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಎಂಟು ಜನ. ಅಲ್ಲಿ ಅಡುಗೆ ಮಾಡುತ್ತಿದ್ದವಳು ಮಗಳ ಬಾಣಂತನಕ್ಕೆ ಹೋದವಳು ತಿರುಗಿ ಬರಲಿಲ್ಲ. ಸೊಸೆ ನನ್ನನ್ನು ಸೇರಿಸಿದಳು. ಮಧ್ಯಾಹ್ನಕ್ಕೆ ಅನ್ನ, ಸಾರು, ಒಂದು ಪಲ್ಯ. ಎರಡು ಹೊತ್ತು ಚಹಾ. ಅವಳು ನನ್ನನ್ನು ಅತ್ತೆ ಎನ್ನುವುದನ್ನು ಕೇಳಿ ಕೇಳಿ ಆಫೀಸಿನವರೆಲ್ಲ ಅತ್ತೆ ಎನ್ನತೊಡಗಿದರು, ಯಜಮಾನನೂ ಸೇರಿ. ಅಷ್ಟು ಜನ ಅಳಿಯಂದಿರನ್ನು ನಾನು ಕೇಳಿಕೊಂಡಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಬಸ್ಸಿನ ಬೋರ್ಡು ಓದುತ್ತೇನೆ, ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ. ಕಂಪ್ಯೂಟರಿನ ವಿಷಯ ಇಲ್ಲಿ ಬರೆಯುವುದೆಲ್ಲ ಸೊಸೆ ಹೇಳಿದ್ದು, ನಾನು ಕಂಡದ್ದು.

ಆ ಆಫೀಸಿನ ಕೆಲಸ ರಕ್ತದ್ದು. ಮೊದಲು ಆಸ್ಪತ್ರೆಯಲ್ಲಿ ಯಾರಿಗಾದರೂ ರಕ್ತ ಬೇಕಾದರೆ ನರ್ಸ್ ಒಂದೊಂದು ರಕ್ತನಿಧಿಗೂ ಫೋನ್ ಮಾಡಿ ಬೇಡಬೇಕಿತ್ತು. ಇವರ ಏರ್ಪಾಡಿನಲ್ಲಿ ಮೊಬೈಲಿನಲ್ಲಿ ಒಂದು ಸಲ ಒತ್ತಿದರೆ ಸಾಕು. ಇವರ ಕಂಪ್ಯೂಟರ್ ಎಲ್ಲ ರಕ್ತನಿಧಿಗಳನ್ನೂ ಒಟ್ಟಿಗೆ ಕೇಳಿ, ಎಲ್ಲಿ ಸಿಕ್ಕಿತೋ ನೋಡಿ, ‘ರಕ್ತ ಸಿದ್ಧವಿದೆ, ಆಳು ಕಳಿಸಿ’ ಎಂದು ಆಸ್ಪತ್ರೆಗೆ ತಿಳಿಸುತ್ತದೆ. ತಾನು ಮಾಡಿದ್ದನ್ನೆಲ್ಲ ಸಾಲು ಸಾಲಾಗಿ ಬರೆದೂ ಇಡುತ್ತದೆ. ಅದನ್ನು ಲಾಗ್ ಎನ್ನುತ್ತಾರೆ. ನಾಳೆ ಏನಾದರೂ ಕೇಳಿಬಂದರೆ ನೋಡುವುದು ಅದನ್ನೇ.

ಬೆಳಗ್ಗೆ ಹತ್ತು ಗಂಟೆಗೆ ಆಪರೇಷನ್ನುಗಳು ಶುರುವಾಗುವ ಹೊತ್ತಿಗೆ ಎಲ್ಲ ಆಸ್ಪತ್ರೆಯವರೂ ಒಟ್ಟಿಗೆ ಒತ್ತುತ್ತಿದ್ದರು. ಕಂಪ್ಯೂಟರ್ ನಿಧಾನವಾಗುತ್ತಿತ್ತು. ಯಜಮಾನನ ಫೋನು ಹೊಡೆದುಕೊಳ್ಳುತ್ತಿತ್ತು. ಅವನು ಕೂಗಾಡುವ ಪೈಕಿ ಅಲ್ಲ. ಅಡುಗೆಮನೆಗೆ ಬಂದು ಒಂದು ಲೋಟ ನೀರು ಕುಡಿದು, ಗೋಡೆ ನೋಡಿ, ತಿರುಗಿ ಹೋಗುತ್ತಿದ್ದ. ಅದನ್ನು ಕಂಡೇ ನನಗೆ ಗೊತ್ತಾಗುತ್ತಿತ್ತು.

ಸೊಸೆಯನ್ನು ಅದಕ್ಕೆ ಹಾಕಿದರು. ಒಂದು ವಾರ ಅವಳು ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದಳು, ತಿನ್ನುತ್ತಿರಲಿಲ್ಲ. ತಡೆಯಲಾರದೆ ನಾನೇ ಕೇಳಿದೆ.

"ಏನಾಗಿದೆ ಅದಕ್ಕೆ? ಹೊಸ ಕಂಪ್ಯೂಟರ್ ತಗೊಂಡ್ರೆ ಆಯ್ತಪ್ಪ."

"ಕಂಪ್ಯೂಟರ್ ಚೆನ್ನಾಗೇ ಇದೆ ಅತ್ತೆ. ಕೆಲಸಕ್ಕಿಂತ ಚೀಟಿ ಹೊರೋದೇ ಜಾಸ್ತಿ ಆಗಿದೆ."

"ಎಂಥ ಚೀಟಿ?"

"ನೋಡಿ, ಒಳಗೆ ನಾಲ್ಕು ಆಳು ಇದಾರೆ ಅಂದ್ಕೊಳಿ. ಥ್ರೆಡ್ ಅಂತೀವಿ. ಕೆಲಸ ನೂರಾರು. ರಕ್ತನಿಧಿಯೋರು ಉತ್ತರ ಕೊಡೋವರೆಗೂ ಆಳು ಕೈಕಟ್ಟಿ ಕೂರಂಗಿಲ್ಲ. ಆ ಕೆಲಸ ಅಲ್ಲೇ ಬಿಟ್ಟು ಇನ್ನೊಂದು ಎತ್ಕೊಳ್ತಾನೆ. ಉತ್ತರ ಬಂದಾಗ ಯಾರು ಬಿಡುವಾಗಿದಾನೋ ಅವನು ಮೊದಲನೇದನ್ನ ಮುಂದುವರಿಸ್ತಾನೆ."

"ಶುರು ಮಾಡಿದವನೇ ಮುಗಿಸಲ್ವಾ?"

"ಮುಗಿಸಬೇಕು ಅಂತೇನಿಲ್ಲ. ಹಾಗಾಗಿ ಇದು ಯಾರ ಕೆಲಸ ಅಂತ ಗೊತ್ತಾಗೋಕೆ ಚೀಟಿ ಬೇಕು. ಆಳಿನ ಸೊಂಟಕ್ಕೆ ಒಂದು ಚೀಲ ಕಟ್ಟಿರ್ತೀವಿ. ಯಾವ ಆಸ್ಪತ್ರೆ, ಯಾವ ವಾರ್ಡು, ಯಾವ ರೋಗಿ, ಎಲ್ಲಾ ಅದರಲ್ಲಿ. ಲಾಗಲ್ಲಿ ಒಂದು ಸಾಲು ಬರೆಯೋ ಮುಂಚೆ ಚೀಲ ನೋಡಿ ಹೆಸರು ಹಾಕ್ತಾನೆ. ಕೆಲಸ ಬದಲಾದಾಗೆಲ್ಲ ಚೀಲ ಖಾಲಿ ಮಾಡಿ, ಹೊಸ ಕೆಲಸದ ಚೀಟಿ ನಕಲು ಬರೆದು ತುಂಬಬೇಕು. ಸಾಲು ಬರೀಲಿ, ಬಿಡಲಿ, ನಕಲಂತೂ ಮಾಡಲೇಬೇಕು. ಅಳೆದು ನೋಡ್ದೆ. ಹತ್ತು ಗಂಟೆ ರಶ್ಶಲ್ಲಿ ರಕ್ತ ಹುಡುಕೋದಕ್ಕಿಂತ ಅದಕ್ಕೇ ಹೆಚ್ಚು ಹೊತ್ತು ಹೋಗ್ತಿದೆ."

"ಹಾಗಾದ್ರೆ ಬರೆಯೋದೇ ಬಿಡಿ."

"ಯಜಮಾನ್ರೂ ಅದನ್ನೇ ಅಂದ್ರು," ಎಂದಳು. ನಕ್ಕಳು.

ಅವಳು ಪೂರ್ತಿ ಬಿಡಲಿಲ್ಲ. ಕೆಲಸ ಶುರುವಾಗುವಾಗ ಒಂದೇ ಸಲ ಚೀಟಿ ತುಂಬುವುದು, ಆಮೇಲೆ ಕೈ ಬದಲಾದರೆ ನಕಲು ಮಾಡುವುದು ಬೇಡ ಎಂದು ಮಾಡಿದಳು. ನಡುವೆ ಬರೆಯುತ್ತಿದ್ದ ಸಾಲುಗಳನ್ನೂ ನಿಲ್ಲಿಸಿದಳು. ಸಾಲೇ ಇಲ್ಲವೆಂದ ಮೇಲೆ ಚೀಲದಲ್ಲಿ ಯಾರ ಚೀಟಿ ಇದ್ದರೇನು ಎಂದು ಅವಳ ಲೆಕ್ಕ. ಮರುದಿನದಿಂದ ಹತ್ತು ಗಂಟೆಗೆ ಯಜಮಾನ ನೀರು ಕುಡಿಯಲು ಬರಲಿಲ್ಲ. ಬಂದದ್ದು ಮಧ್ಯಾಹ್ನ, ಒಂದು ಡಬ್ಬಿ ಮೈಸೂರು ಪಾಕು ಹಿಡಿದುಕೊಂಡು.

"ಅತ್ತೆ, ನಿಮ್ಮ ಸೊಸೆ ಮಾನ ಉಳಿಸಿದ್ಲು."

"ಮನೇಲಿ ಇನ್ನೂ ಉಳಿಸಿಲ್ಲ. ನಿನ್ನೆ ಹಾಲು ಉಕ್ಕಿಸಿದ್ಲು," ಎಂದೆ.

ಎಲ್ಲರೂ ನಕ್ಕರು. ಆಮೇಲೆ ಆರೇಳು ತಿಂಗಳು ಚೆನ್ನಾಗಿಯೇ ನಡೆಯಿತು.

ಭದ್ರಾವತಿಯಲ್ಲಿ ಒಂದು ಖಾಸಗಿ ನರ್ಸಿಂಗ್ ಹೋಮ್. ಹೆಸರು ಬೇಡ. ಅಲ್ಲಿ ಒಬ್ಬಳು ಬಾಣಂತಿ ಸತ್ತಳು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಬೆಳಗ್ಗೆ ಹತ್ತರ ಹೊತ್ತಿಗೆ ರಕ್ತಕ್ಕೆ ಕೇಳಿದ್ದರು, ಅದು ಬಂದು ಮುಟ್ಟುವ ಹೊತ್ತಿಗೆ ತಡವಾಗಿತ್ತು. ಮಗು ಉಳಿಯಿತು. ಅವಳ ಗಂಡ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ತಡ ಮಾಡಿದವರು ಯಾರು ಅಂತ ಹೇಳಿ, ಅಷ್ಟು ಹೇಳಿದರೆ ಹೋಗುತ್ತೇನೆ ಎಂದನಂತೆ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ಯಜಮಾನನಿಗೆ ಫೋನ್ ಮಾಡಿ ಲಾಗ್ ಕಳಿಸಿ ಎಂದರು. ಅವನು ಸೊಸೆಗೆ ಹೇಳಿದ. ಅವಳು ಆ ಹೊತ್ತಿನ ಸಾಲುಗಳನ್ನು ತೆಗೆದುಕೊಟ್ಟಳು. ದಿನಾ ಮಾಡುವ ಕೆಲಸದ ಹಾಗೆ ಮಾಡಿದಳು, ಊಟಕ್ಕೆ ಬಂದಳು.

ಆಮೇಲಿನದು ನಮಗೆ ಗೊತ್ತಾದದ್ದು ನಮ್ಮ ಬೀದಿಯ ಆಯಾ ಹೇಳಿ. ಅವಳು ಅದೇ ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸುತ್ತಾಳೆ. ಒಂದು ಸಂಜೆ ನಾವು ಬಸ್ಸಿಳಿದು ಬರುವಾಗ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಳು.

"ಅಕ್ಕ, ನಿಮ್ಮ ಕಂಪ್ಯೂಟರ್ ದೆಸೆಯಿಂದ ನಮ್ಮ ಸಿಸ್ಟರ್ ಕೆಲಸ ಹೋಯ್ತು ನೋಡಿ."

"ನಮ್ಮ ಕಂಪ್ಯೂಟರ್ ಏನೇ ಮಾಡ್ತು?"

"ರಕ್ತ ಸಿದ್ಧ ಅಂತ ಮೆಸೇಜ್ ಬಂದಿತ್ತಂತೆ. ಈ ಸಿಸ್ಟರ್ ತೆಗೆದು ನೋಡಿ ಸುಮ್ಮನೆ ಕೂತ್ಲಂತೆ. ನಿಮ್ಮೋರು ಕೊಟ್ಟ ಕಾಗದದಲ್ಲಿ ಹಾಗೆ ಬರೆದಿದೆಯಂತೆ. ಅವಳು ನಾನು ನೋಡೇ ಇಲ್ಲ, ಬಾಣಂತಿ ಹತ್ರಾನೇ ಇದ್ದೆ ಅಂತ ದೇವರಾಣೆ ಇಡ್ತಾಳೆ. ಯಾರು ಕೇಳ್ತಾರೆ? ಬರಬೇಡ ಅಂದ್ರು. ಮೂರು ದಿನ ಆಯ್ತು. ಗಂಡ ಇಲ್ಲ ಅವಳಿಗೆ, ಅವಳ ತಾಯಿ ಬಂದು ಗೇಟಿನ ಹತ್ರ ತಮಿಳಲ್ಲಿ ಎಲ್ಲರಿಗೂ ಶಾಪ ಹಾಕಿ ಹೋದ್ಲು."

"ನೋಡಿರ್ತಾಳೆ ಬಿಡು. ಈಗ ಹೆದರಿ ಸುಳ್ಳು ಹೇಳ್ತಾಳೆ," ಎಂದೆ. ನನಗೆ ಹಾಗೇ ಅನ್ನಿಸಿತ್ತು. ಬರೆದದ್ದು ಇದೆಯಲ್ಲ.

"ಅವಳು ಸುಳ್ಳು ಹೇಳೋ ಪೈಕಿ ಅಲ್ಲಕ್ಕ. ಬೆಡ್‌ಪ್ಯಾನ್ ನಾನು ತಡ ಮಾಡಿದ್ರೂ ತಾನೇ ತಡ ಮಾಡ್ದೆ ಅನ್ನೋಳು."

ಸೊಸೆ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಮಂಚದ ಮೇಲೆ ಕೂತಳು.

"ಯಾಕೆ?"

"‘ನರ್ಸ್ ತೆರೆದರು’ ಅನ್ನೋ ಸಾಲು ಮೊದಲು ಇರಲಿಲ್ಲ ಅತ್ತೆ. ಆಸ್ಪತ್ರೆಯೋರು ಕೇಳಿದ್ರು ಅಂತ ಎರಡು ತಿಂಗಳ ಹಿಂದೆ ಸೇರಿಸಿದ್ವಿ. ಅದು ಕೆಲಸದ ಕೊನೇಲಿ ಬರೋ ಸಾಲು. ಅಷ್ಟು ಹೊತ್ತಿಗೆ ಕೆಲಸ ಎಷ್ಟು ಕೈ ಬದಲಾಗಿರುತ್ತೋ. ಚೀಲದಲ್ಲಿ ಯಾರ ಚೀಟಿ ಇರುತ್ತೋ."

ನನಗೆ ತಟ್ಟನೆ ಅಡಿಕೆ ಸುಲಿಯುವ ಮನೆ ನೆನಪಾಯಿತು. ವಯಸ್ಸಿನಲ್ಲಿ ನಾನು ಹಲವು ಸುಗ್ಗಿ ಸುಲಿತಕ್ಕೆ ಹೋದವಳು. ಅಲ್ಲಿ ಸಾಲಾಗಿ, ಕಾಲಲ್ಲಿ ಒತ್ತಿ ಹಿಡಿಯುವ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಕೂರುತ್ತೇವೆ. ಅಳೆಯುವವನು ಬರುತ್ತಾನೆ, ಕತ್ತಿಯ ಮುಂದಿನ ಡಬ್ಬ ತುಂಬಿದ್ದರೆ ಆ ಕತ್ತಿಯ ಹೆಸರಿಗೆ ಒಂದು ಗೀಟು ಹಾಕುತ್ತಾನೆ. ಕೂತವಳ ಮುಖ ನೋಡುವುದಿಲ್ಲ, ಕೇಳುವುದಿಲ್ಲ. ಒಬ್ಬೊಬ್ಬರನ್ನೇ ಕೇಳುತ್ತ ಹೋದರೆ ಅಳತೆ ಮುಗಿಯುವುದು ಯಾವಾಗ? ಮಗುವಿಗೆ ಹಾಲು ಕೊಡಲು ಒಬ್ಬಳು ಎದ್ದರೆ ಕತ್ತಿ ಸುಮ್ಮನಿರಬಾರದೆಂದು ಇನ್ನೊಬ್ಬಳು ಕೂರುತ್ತಾಳೆ. ಅವಳು ಸುಲಿದದ್ದೂ ಕತ್ತಿಯವಳ ಹೆಸರಿಗೇ. ಅದನ್ನು ಕತ್ತಿ ಲೆಕ್ಕ ಎನ್ನುತ್ತಿದ್ದೆವು. ಎದ್ದವಳು ತಿರುಗಿ ಬಂದ ಮೇಲೆ, ಅಷ್ಟು ಹೊತ್ತು ಕೂತವಳ ಡಬ್ಬಕ್ಕೆ ಎರಡು ಬೊಗಸೆ ಸುರಿದು ಸರಿಮಾಡಬೇಕು. ಅದು ನಮ್ಮ ನಮ್ಮಲ್ಲಿ. ಅಳೆಯುವವನಿಗೆ ಅದೆಲ್ಲ ಗೊತ್ತಿಲ್ಲ.

"ಕತ್ತಿ ಲೆಕ್ಕ ಮಾಡಿದ್ದೀಯಾ ಹಾಗಾದ್ರೆ," ಎಂದೆ.

ಅವಳ ತಾಯಿಯೂ ಸುಲಿತಕ್ಕೆ ಹೋಗುತ್ತಿದ್ದವಳು. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಹೂಂ," ಎಂದಳು. "ಬೊಗಸೆ ಸುರಿಯೋರು ಯಾರೂ ಇಲ್ಲ ಅಷ್ಟೇ."

"ಆದ್ರೆ ನಿನಗೆ ಖಾತ್ರಿ ಇಲ್ಲ."

"ಇಲ್ಲ. ನಾಳೆ ಮಾಡಿ ನೋಡ್ಬೇಕು."

"ಏನೂ ನೋಡ್ಬೇಡ. ಬಾಯಿ ಮುಚ್ಕೊಂಡಿರು," ಎಂದೆ. "ಸತ್ತೋಳು ವಾಪಸ್ ಬರಲ್ಲ. ಆ ನರ್ಸ್ ಇನ್ನೊಂದು ಆಸ್ಪತ್ರೆ ನೋಡ್ಕೊಳ್ತಾಳೆ. ನರ್ಸುಗಳಿಗೇನು ಬರ ಇಲ್ಲ, ಆಸ್ಪತ್ರೆಗೂ ಬರ ಇಲ್ಲ. ನಿನ್ನ ಕೆಲಸ ಹೋದ್ರೆ ನನ್ನದೂ ಹೋಗುತ್ತೆ. ಇಬ್ಬರೂ ಮನೇಲಿ ಕೂತು ಒಬ್ಬರ ಮುಖ ಒಬ್ಬರು ನೋಡ್ಬೇಕಾ?"

"ಒಬ್ಬಳನ್ನ ಕೊಂದೋಳು ಅನ್ನಿಸ್ಕೊಂಡು ಯಾವ ಆಸ್ಪತ್ರೆಗೆ ಹೋಗ್ತಾಳೆ ಅತ್ತೆ? ಭದ್ರಾವತಿ ಎಷ್ಟು ದೊಡ್ಡದು?"

"ಅದು ಅವಳ ಹಣೆಬರಹ."

"ಅಲ್ಲ. ನಾನು ಬರೆದಿದ್ದು," ಎಂದಳು. ಎದ್ದುಹೋಗಿ ಅಕ್ಕಿ ತೊಳೆದಳು. ಆ ಸಂಜೆ ಅಷ್ಟೇ ಮಾತು.

ಮರುದಿನ ಆಫೀಸಿನಲ್ಲಿ ಊಟ ಮುಗಿದು ನಾನು ಪಾತ್ರೆ ತೊಳೆಯುತ್ತಿದ್ದಾಗ ಬಂದು ಕರೆದಳು. ಕೈ ಒರೆಸಿಕೊಂಡು ಹೋದೆ. ಅವಳ ಮೇಜಿನ ಹತ್ತಿರ ಒಂದು ಕುರ್ಚಿ ಹಾಕಿ ಕೂರಿಸಿದಳು. ನನ್ನ ಫೋನು ಇಸಿದುಕೊಂಡು ಏನೋ ಹಾಕಿ ತಿರುಗಿ ನನ್ನ ಕೈಗೆ ಕೊಟ್ಟಳು.

"ಇದಕ್ಕೆ ಮೆಸೇಜ್ ಬರುತ್ತೆ. ನೀವು ಮುಟ್ಟಬೇಡಿ. ಸುಮ್ಮನೆ ಹಿಡ್ಕೊಂಡಿರಿ. ನನ್ನ ಫೋನಿಗೂ ಬರುತ್ತೆ. ನಾನು ಮಾತ್ರ ತೆರೀತೀನಿ."

"ನನಗೆ ಓದೋಕೆ ಬರಬೇಕಲ್ಲ."

"ಕನ್ನಡದಲ್ಲೇ ಹಾಕಿದೀನಿ. ನೀವು ಅತ್ತೆ. ನಾನು ಸೊಸೆ. ಲಾಗ್ ಅಲ್ಲಿ ಹಾಗೇ ಬರುತ್ತೆ."

ಮೊದಲ ಸಲ ಎರಡು ಫೋನೂ ಟಿಣ್ ಎಂದವು. ಅವಳು ತನ್ನದನ್ನು ಒತ್ತಿದಳು. ಪರದೆಯ ಮೇಲೆ ಒಂದು ಸಾಲು ಬಂತು. ಕೂಡಿಸಿ ಓದಿದೆ: ಸೊಸೆ ತೆರೆದರು. ಸರಿಯಾಗಿಯೇ ಇತ್ತು. ಮತ್ತೆ ಮಾಡಿದಳು. ಮತ್ತೆ ಸರಿ.

"ನೋಡು, ಸುಮ್ಮನೆ ತಲೆ ಕೆಡಿಸ್ಕೊಂಡೆ," ಎಂದೆ. ನನಗೆ ಸಮಾಧಾನವೇ ಆಯಿತು.

"ಈಗ ಆಳುಗಳಿಗೆ ಬಿಡುವಿದೆ ಅತ್ತೆ. ಅದಕ್ಕೇ ಸರಿ ಬರ್ತಿದೆ. ಹತ್ತು ಗಂಟೆ ಥರ ಮಾಡ್ತೀನಿ, ತಡೀರಿ."

ಸುಳ್ಳು ಸುಳ್ಳೇ ಆಸ್ಪತ್ರೆಗಳನ್ನು ಸೃಷ್ಟಿಮಾಡಿ ನೂರಾರು ಕೋರಿಕೆಗಳನ್ನು ಒಟ್ಟಿಗೆ ಬಿಟ್ಟಳು. ಪರದೆಯ ಮೇಲೆ ಸಾಲುಗಳು ಓಡತೊಡಗಿದವು, ಓದಲು ಆಗುತ್ತಿರಲಿಲ್ಲ. ನನ್ನ ಫೋನು ಟಿಣ್ ಎಂದಿತು. ಅದನ್ನು ಮಡಿಲಲ್ಲಿ ಇಟ್ಟು ಎರಡು ಕೈಯನ್ನೂ ಮೇಜಿನ ಮೇಲೆ ಇಟ್ಟುಕೊಂಡೆ. ಅವಳು ತನ್ನ ಫೋನು ಒತ್ತಿದಳು. ಓಟ ನಿಲ್ಲಿಸಿದಳು. ಒಂದು ಸಾಲಿನ ಕೆಳಗೆ ಬೆರಳಿಟ್ಟಳು.

ಅತ್ತೆ ತೆರೆದರು.

ಎರಡು ಸಲ ಓದಿದೆ.

"ನಾನು ಮುಟ್ಟಿಲ್ಲ."

"ಗೊತ್ತು."

"ನನ್ನ ಕೈ ಇಲ್ಲೇ ಇತ್ತು. ನೀನೇ ನೋಡಿದ್ಯಲ್ಲ."

"ನಾನು ನೋಡ್ದೆ. ನಾನು ಇಲ್ಲಿ ಇಲ್ಲದೇ ಇದ್ದಿದ್ರೆ?"

ಮಡಿಲಿನ ಫೋನು ತೆಗೆದು ನೋಡಿದೆ. ಮೆಸೇಜು ಒಡೆಯದೆ ಹಾಗೇ ಕೂತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ನಾನು ನೋಡಿಯಾಗಿತ್ತು. ಅದರಲ್ಲಿ ಗಂಟೆ, ನಿಮಿಷ, ಸೆಕೆಂಡು ಸಮೇತ ಇತ್ತು. ಒಬ್ಬ ಮನುಷ್ಯ ಎದುರಿಗೆ ನಿಂತು ಹೀಗೆ ಹೇಳಿದ್ದರೆ ಅವನ ಹುಟ್ಟಡಗಿಸುತ್ತಿದ್ದೆ. ಇದಕ್ಕೆ ಏನು ಮಾಡುವುದು? ಅದಕ್ಕೆ ನನ್ನ ಮೇಲೆ ದ್ವೇಷವೂ ಇಲ್ಲ. ಸುಲಿತದ ಮನೆಯ ಅಳೆಯುವವನ ಹಾಗೆ, ಅದಕ್ಕೆ ಸಿಕ್ಕ ಹೆಸರು ಬರೆದಿದೆ. ಆ ನರ್ಸ್ ದೇವರಾಣೆ ಇಟ್ಟದ್ದಕ್ಕೆ ಹೆದರಿ ಸುಳ್ಳು ಹೇಳುತ್ತಾಳೆ ಎಂದಿದ್ದೆನಲ್ಲ, ಈಗ ನಾನು ಆಣೆ ಇಟ್ಟರೂ ನನ್ನಂಥವಳೊಬ್ಬಳು ಹಾಗೇ ಅನ್ನುತ್ತಿದ್ದಳು.

"ಆ ದಿನ ಬೇರೆ ಯಾವುದೋ ಆಸ್ಪತ್ರೇಲಿ ಯಾರೋ ಅವರ ಮೆಸೇಜ್ ತೆರೆದಿದಾರೆ," ಎಂದಳು ಸೊಸೆ. "ಬರೆದ ಆಳಿನ ಚೀಲದಲ್ಲಿ ಇವಳ ಚೀಟಿ ಉಳಿದಿತ್ತು. ಅಷ್ಟೇ ಆಗಿರಬಹುದು."

"ಹೋಗಿ ಹೇಳು ಯಜಮಾನನಿಗೆ."

"ನಿನ್ನೆ ಬೇಡ ಅಂದ್ರಿ."

"ನಿನ್ನೆಯದು ನಿನ್ನೆಗಾಯ್ತು. ಹೋಗು."

ಅವಳು ಯಜಮಾನನ ಕೋಣೆಗೆ ಹೋದಳು. ನಾನು ಚಹಾ ಇಟ್ಟೆ. ಚಹಾದ ಹೊತ್ತಾಗಿರಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದಾಗ ಅವನು ಎರಡು ಕೈಯಿಂದ ಹಣೆ ಹಿಡಿದುಕೊಂಡು ಕೂತಿದ್ದ. ಅವಳು ನಿಂತೇ ಇದ್ದಳು.

"ಇವತ್ತೇ ತಿದ್ದಿಬಿಡಮ್ಮ. ಹಳೇದಕ್ಕೆ ಹಾಕು, ನಿಧಾನ ಆದ್ರೆ ಆಗ್ಲಿ, ಬೈದ್ರೆ ನಾನು ಬೈಸ್ಕೊಳ್ತೀನಿ. ಆದ್ರೆ ಆಸ್ಪತ್ರೆಗೆ ಹೇಳೋದ್ಯಾಕೆ?"

"ಅವರ ಕೆಲಸ ಹೋಗಿದೆ ಸರ್."

"ನೀನು ಕೊಟ್ಟ ಒಂದು ಸಾಲು ತಪ್ಪು ಅಂದ್ರೆ ಈವರೆಗೆ ಕೊಟ್ಟಿದ್ದೆಲ್ಲ ತಪ್ಪು ಅಂತಾರೆ. ಒಂದು ಆಸ್ಪತ್ರೆ ಬಿಟ್ರೆ ಎಲ್ಲರೂ ಬಿಡ್ತಾರೆ. ಎಂಟು ಮನೆ ಇದೆ ಈ ಆಫೀಸಿನ ಹಿಂದೆ."

"ಅವರದೂ ಒಂದು ಮನೆ," ಎಂದಳು.

"ಅವಳು ನಿಜವಾಗ್ಲೂ ನೋಡಿದ್ರೆ? ನಿನಗೆ ಗೊತ್ತಾ?"

"ಗೊತ್ತಿಲ್ಲ ಸರ್. ಯಾರಿಗೂ ಗೊತ್ತಾಗಲ್ಲ. ಗೊತ್ತಿದೆ ಅಂತ ನಾವು ಬರೆದು ಕೊಟ್ಟಿದ್ದೀವಿ."

ನಾನು ಚಹಾ ಮೇಜಿನ ಮೇಲೆ ಇಟ್ಟೆ. ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. "ನಾನು ಮುಟ್ಟದೇ ಇರೋ ಫೋನ್ ಮುಟ್ಟಿದೆ ಅಂತ ಬರೀತು ಸರ್. ಈಗಷ್ಟೇ. ಬೇಕಾದ್ರೆ ನೀವೂ ಒಂದು ಹಿಡ್ಕೊಂಡು ಕೂರಿ."

ಅವನು ನಗುತ್ತಾನೆಂದುಕೊಂಡೆ. ನಗಲಿಲ್ಲ. ಎದ್ದು ಅವಳ ಮೇಜಿಗೆ ಬಂದ. ಅವಳು ಅವನ ಫೋನನ್ನೂ ಸೇರಿಸಿ ಮತ್ತೆ ಮಾಡಿ ತೋರಿಸಿದಳು. ನಾಲ್ಕನೆಯದೋ ಐದನೆಯದೋ ಸಲಕ್ಕೆ ಅವನ ಹೆಸರು ಬಂತು. ಅವನ ಫೋನು ಅವನ ಜೇಬಿನಲ್ಲೇ ಇತ್ತು. ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತ.

"ನೀನೇ ಹೋಗಿ ಹೇಳು," ಎಂದ ಕೊನೆಗೆ. "ನಾನು ಫೋನ್ ಮಾಡಿದ್ರೆ ಏನೋ ಮುಚ್ಚಿಡ್ತಿದಾನೆ ಅಂತಾರೆ. ಏನಾಗುತ್ತೋ ಆಗ್ಲಿ." ಚಹಾ ಕುಡಿಯಲಿಲ್ಲ. ಹಾಗೇ ಚೆಲ್ಲಿದೆ.

ಆ ಸಂಜೆ ಭದ್ರಾವತಿಯಲ್ಲಿ ಇಳಿದು ಮನೆಗೆ ಹೋಗದೆ ನರ್ಸಿಂಗ್ ಹೋಮಿಗೆ ಹೋದೆವು. ಡಾಕ್ಟರಮ್ಮ ರೋಗಿಗಳನ್ನು ನೋಡಿ ಮುಗಿಸುವವರೆಗೆ ಬೆಂಚಿನ ಮೇಲೆ ಕೂತಿದ್ದೆವು. ನಮ್ಮ ಎದುರಿಗೆ ಬಸುರಿಯರ ಸಾಲು. ಸೊಸೆ ಅವರ ಕಡೆ ನೋಡದೆ ನೆಲ ನೋಡುತ್ತಿದ್ದಳು. ಒಳಗೆ ಕರೆದಾಗ ನಾನೂ ಎದ್ದೆ.

"ಇವರು ಯಾರು?" ಎಂದರು ಡಾಕ್ಟರಮ್ಮ.

"ನಮ್ಮತ್ತೆ," ಎಂದಳು.

ಡಾಕ್ಟರಮ್ಮ ಆಯಾಸದ ಮುಖದ ಹೆಂಗಸು, ನನ್ನ ಮಗನಿಗಿಂತ ಸ್ವಲ್ಪ ದೊಡ್ಡವರಿರಬಹುದು. ಸೊಸೆ ಮೊದಲಿನಿಂದ ಹೇಳಿದಳು: ಚೀಟಿ, ಚೀಲ, ನಕಲು ಮಾಡುವ ಹೊರೆ, ಅದನ್ನು ತಾನು ತೆಗೆದದ್ದು, ಆಮೇಲೆ ಸೇರಿಸಿದ ಸಾಲು. ಡಾಕ್ಟರಮ್ಮ ಪೆನ್ನು ಮುಚ್ಚಿ ತೆಗೆದು, ಮುಚ್ಚಿ ತೆಗೆದು ಕೇಳಿದರು.

"ಅಂದ್ರೆ ಸಿಸ್ಟರ್ ಮೆಸೇಜ್ ನೋಡಿಲ್ಲ ಅಂತೀಯಾ?"

"ಹಾಗೆ ಹೇಳೋಕಾಗಲ್ಲ ಮೇಡಂ. ನೋಡಿದ್ರೋ ಇಲ್ವೋ ಅದರಿಂದ ಗೊತ್ತಾಗಲ್ಲ. ನೋಡಿದ್ರು ಅಂತ ನಾವು ಕೊಟ್ಟಿದ್ದು ತಪ್ಪು. ಮೆಸೇಜ್ ಅವರ ಫೋನಿಗೆ ತಲುಪಿತ್ತು ಅಂತಲೂ ನಾನು ಹೇಳಲಾರೆ."

"ಆ ಗಂಡನಿಗೆ ನಾನು ಏನು ಹೇಳಲಿ? ಯಾರು ತಡ ಮಾಡಿದ್ದು ಅಂತ ಹೇಳಿ ಆಗಿದೆ."

ಸೊಸೆ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು.

"ನಿಧಾನ ಆಗುತ್ತೆ ಅಂತ ತೆಗೆದ್ಯಾ?" ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ಹೌದು ಮೇಡಂ. ನಿಧಾನ ಆದ್ರೆ ರಕ್ತ ತಡ ಆಗುತ್ತಲ್ಲ ಅಂತ."

ಅದನ್ನು ಕೇಳಿ ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಒಂದು ಬಿಳಿ ಹಾಳೆ ಸರಿಸಿ, "ಈಗ ಹೇಳಿದ್ದನ್ನ ಬರೆದು ಸೈನ್ ಹಾಕು. ಕನ್ನಡದಲ್ಲೇ ಬರಿ. ಆ ಮನೆಯೋರಿಗೂ ಅರ್ಥ ಆಗ್ಬೇಕು," ಎಂದರು. ಅವಳು ಬರೆದಳು. ಡಾಕ್ಟರಮ್ಮ ಓದಿದರು, ಮಡಿಸಿ ಡ್ರಾಯರಿನಲ್ಲಿ ಇಟ್ಟರು. ನರ್ಸ್ ವಿಷಯ ಎತ್ತಲೇ ಇಲ್ಲ. ನಾನು ಕೇಳಿದೆ.

"ಆ ಹುಡುಗೀನ ವಾಪಸ್ ಕರೀತೀರಾ?"

"ಅದು ನಮ್ಮ ಆಸ್ಪತ್ರೆ ವಿಷಯ ಅಮ್ಮ," ಎಂದರು. ಗದರಲಿಲ್ಲ. ಆದರೆ ಬಾಗಿಲ ಕಡೆ ನೋಡಿದರು. ಎದ್ದು ಬಂದೆವು.

ಆಟೋ ಹಿಡಿಯದೆ ನಡೆದೇ ಹೊರಟೆವು. ದಾರಿಯಲ್ಲಿ ಅವಳು, ನಕಲು ಮಾಡದೇನೂ ಆಗುವ ದಾರಿ ಒಂದಿದೆ ಎಂದಳು. ಆಳಿನ ಸೊಂಟಕ್ಕೆ ಕಟ್ಟುವುದೇ ಬೇಡ. ಎಲ್ಲ ಚೀಟಿಗಳನ್ನೂ ಶುರುವಿನಲ್ಲೇ ಒಂದು ಗಂಟು ಮಾಡಿ, ಆಮೇಲೆ ಯಾರೂ ಬಿಚ್ಚದ ಹಾಗೆ ಕೆಲಸಕ್ಕೇ ಕಟ್ಟಿಬಿಡಬೇಕು. ಕೆಲಸ ಯಾರ ಕೈಗೆ ಹೋದರೂ ಗಂಟು ಅದರ ಜೊತೆ ಹೋಗುತ್ತದೆ. ಹೊಸದಾಗಿ ಬರೆಯುವುದೇನೂ ಇಲ್ಲ, ಕೈ ದಾಟಿಸುವುದಷ್ಟೇ. ಈಗಿನಷ್ಟು ಚುರುಕಾಗಿ ಓಡುವುದಿಲ್ಲ, ಮೊದಲಿನಷ್ಟು ನಿಧಾನವೂ ಆಗುವುದಿಲ್ಲ. ಎಲ್ಲ ಕಡೆ ಬದಲಿಸಬೇಕು, ತಿಂಗಳು ಬೇಕಾಗಬಹುದು.

"ಮೊದಲೇ ಯಾಕೆ ಹಾಗೆ ಮಾಡಲಿಲ್ಲ?"

"ತಿಂಗಳು ಬೇಕಿತ್ತಲ್ಲ ಅತ್ತೆ. ಇದು ಒಂದು ಮಧ್ಯಾಹ್ನದಲ್ಲಿ ಆಯ್ತು."

"ನಿನ್ನ ಕೆಲಸ ಉಳಿಯುತ್ತಾ?"

"ಗೊತ್ತಿಲ್ಲ."

"ನನ್ನದು?"

"ನಿಮ್ಮ ಸಾರು ಬಿಟ್ಟು ಅವರು ಬದುಕಲ್ಲ," ಎಂದಳು. ಸ್ವಲ್ಪ ದೂರ ನಡೆದ ಮೇಲೆ ಅವಳು ಅಳುತ್ತಿದ್ದಾಳೆಂದು ಗೊತ್ತಾಯಿತು. ಸತ್ತವಳಿಗೋ, ನರ್ಸಿಗೋ, ತನಗೋ ನಾನು ಕೇಳಲಿಲ್ಲ. ಸಮಾಧಾನ ಮಾಡಲು ನನಗೆ ಬರುವುದಿಲ್ಲ. ಅವಳ ಬ್ಯಾಗು ಇಸಿದುಕೊಂಡು ನಾನು ಹಿಡಿದೆ. ಮೂಗು ಒರೆಸಿಕೊಳ್ಳಲು ಅವಳಿಗೆ ಎರಡು ಕೈ ಬೇಕಿತ್ತು.

ಮಾರನೆಯ ಬೆಳಗ್ಗೆ ಅವಳು ಒಬ್ಬಳೇ ಬಸ್ಸಿಗೆ ಹೋದಳು. ಮಧ್ಯಾಹ್ನಕ್ಕೆ ಹೋಟೆಲಿನಿಂದ ತರಿಸಿಕೊಳ್ಳಿ, ನಾನು ಇವತ್ತು ಬರಲ್ಲ ಎಂದು ಹೇಳಿಕಳಿಸಿದೆ. ಆ ನರ್ಸನ್ನು ಕರೆದರೋ ಇಲ್ಲವೋ ನೋಡಬೇಕೆಂದು ಆಟೋ ಹಿಡಿದು ನರ್ಸಿಂಗ್ ಹೋಮಿಗೆ ಹೋದೆ. ನಮ್ಮ ಬೀದಿಯ ಆಯಾ ಮೆಟ್ಟಿಲು ಒರೆಸುತ್ತಿದ್ದಳು. ನನ್ನನ್ನು ಕಂಡು ಹತ್ತಿರ ಬಂದು, ಒದ್ದೆ ಬಟ್ಟೆ ಹಿಡಿದ ಕೈಯಲ್ಲೇ ಒಳಗಿನ ಮೇಜನ್ನು ತೋರಿಸಿದಳು. "ಅದೇ ಸಿಸ್ಟರ್ ಅಕ್ಕ. ಡಾಕ್ಟರಮ್ಮ ಕರೆಸಿದ್ರಂತೆ, ಎಂಟು ಗಂಟೆಗೇ ಬಂದ್ಲು. ಯಾರ ಹತ್ರಾನೂ ಮಾತಾಡ್ತಿಲ್ಲ."

ಸಣ್ಣ ಹೆಣ್ಣು, ಕಣ್ಣ ಕೆಳಗೆ ಕಪ್ಪು. ಮೇಜಿನ ಮುಂದೆ ನಾಲ್ಕೈದು ಜನ ನಿಂತಿದ್ದರು. ಚೀಟಿ ಮಾಡಿಸಿ ನಾನೂ ಹಿಂದೆ ನಿಂತೆ. ನನ್ನ ಸರದಿ ಬಂದಾಗ ಏನು ತೊಂದರೆ ಎಂದು ಕೇಳಿದಳು. ತೊಂದರೆ ಏನೂ ಇಲ್ಲ, ಬಿಪಿ ನೋಡು ಎಂದೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು, ಮುಳ್ಳು ನೋಡಿದಳು. ಒಮ್ಮೆ ಬಿಚ್ಚಿ, ಮತ್ತೆ ಸುತ್ತಿ, ಎರಡನೆಯ ಸಲವೂ ನೋಡಿದಳು.

"ಸ್ವಲ್ಪ ಜಾಸ್ತಿ ಇದೆ ಅಜ್ಜಿ. ಡಾಕ್ಟರ್ ಹತ್ರ ತೋರಿಸ್ಕೊಂಡು ಹೋಗಿ."

ಎರಡು ಸಲ ನೋಡಿ ಹೇಳಿದ್ದಲ್ಲವೇ, ಆಯಿತು ಎಂದು ಹೋಗಿ ಬೆಂಚಿನ ಮೇಲೆ ಕೂತೆ.